ಶಾಫ್ಟಿನ ಮೇಲಿನ ಅಡ್ಡ ಗೆರೆ

ನನಗೆ ಕೋಪ ಬೇಗ ಬರುತ್ತದೆ. ಮಂಡ್ಯದ ಕಡೆಯವಳು, ಬಂದದ್ದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಕುವೈತಿಗೆ ಬಂದ ಹೊಸದರಲ್ಲಿ ಗಂಡ, "ಇಲ್ಲಿ ಸ್ವಲ್ಪ ಬಾಯಿ ಬಿಗಿ ಹಿಡ್ಕೊ" ಎಂದಿದ್ದರು. ಪ್ರಯತ್ನಪಟ್ಟೆ. ಅದು ಒಂದು ಬೇಸಿಗೆಯನ್ನೂ ದಾಟಲಿಲ್ಲ.

ಶುವೈಖ್‌ನ ಕೈಗಾರಿಕಾ ಪ್ರದೇಶದಲ್ಲಿ ಟೈರ್ ಅಂಗಡಿಗಳ ಸಾಲಿನ ಹಿಂದೆ ನಮ್ಮ ವರ್ಕ್‌ಶಾಪು. ಪಂಪು, ಫ್ಯಾನು, ಗೇರ್‌ಬಾಕ್ಸುಗಳ ಸವೆದ, ಮುರಿದ ಶಾಫ್ಟುಗಳು ಅಲ್ಲಿಗೆ ಬರುತ್ತವೆ. ಕೆಟ್ಟ ಭಾಗವನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಲೇತಿನಲ್ಲಿ ಹದಕ್ಕೆ ತಂದು ಕಳಿಸುತ್ತೇವೆ. ಬೆಸುಗೆ ಸರಿಯಿದೆಯೇ ಇಲ್ಲವೇ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಸೇರಿದ ದಿನ ಅಲ್ಲಿನ ಮ್ಯಾನೇಜರು ನನಗೆ ಆಫೀಸಿನ ಒಳಗೆ ಎಸಿ ಕೆಳಗೆ ಒಂದು ಮೇಜು ತೋರಿಸಿ, "ನೀವು ಇಲ್ಲೇ ಆರಾಮಾಗಿ ಕೂತ್ಕೊಳಿ, ಫೋಟೋ ತೆಗೆದು ಕಳಿಸ್ತಾರೆ, ನೋಡಿ ಸೈನ್ ಮಾಡಿ" ಎಂದರು. ಮೈಸೂರಿನವರು, ಬೆಣ್ಣೆಯಂಥ ಮಾತು. ನಾನು ಮರುದಿನವೇ ಸೇಫ್ಟಿ ಬೂಟು ತಂದುಕೊಂಡು ಕೆಳಗಿಳಿದೆ. ಫೋಟೋ ನೋಡಿ ಹೆಣ್ಣು ಒಪ್ಪಿದ ಕಾಲವೇ ಹೋಯಿತು, ಇನ್ನು ಬೆಸುಗೆ ಒಪ್ಪುವುದುಂಟೇ?

ಶಾಫ್ಟ್ ಹೇಗೆ ಮುರಿಯುತ್ತದೆ ಎಂದು ಜನ ಕೇಳುತ್ತಾರೆ. ಭಾರ ಹೆಚ್ಚಾಗಿ ಮುರಿಯುತ್ತದೆ ಎಂದು ಅವರೇ ಉತ್ತರವನ್ನೂ ಹೇಳುತ್ತಾರೆ. ಹಾಗೆ ಮುರಿಯುವುದು ತೀರ ಅಪರೂಪ. ತಿರುಗುವ ಶಾಫ್ಟು ನೆಟ್ಟಗೆ ಕಂಡರೂ ಭಾರಕ್ಕೆ ಕೂದಲೆಳೆಯಷ್ಟು ಬಾಗಿರುತ್ತದೆ. ಒಂದೊಂದು ಸುತ್ತಿನಲ್ಲೂ ಅದರ ಮೈ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಅತ್ತ ಇತ್ತ ಬಾಗಿಸಿ ಮುರಿದ ಮಕ್ಕಳಿಗೆಲ್ಲ ಈ ವಿದ್ಯೆ ಗೊತ್ತು. ಎಂಜಿನಿಯರುಗಳು ಇದನ್ನು ಫಟೀಗ್ ಎನ್ನುತ್ತಾರೆ, ಅಂದರೆ ದಣಿವು. ನನಗೆ ಆ ಮಾತೇ ಹಿಡಿಸುವುದಿಲ್ಲ. ದಣಿದವರು ಮಲಗಿ ಎದ್ದರೆ ಸರಿಹೋಗುತ್ತಾರೆ. ಉಕ್ಕಿಗೆ ಆ ಸೌಕರ್ಯವಿಲ್ಲ, ಆದ ಗಾಯವನ್ನು ಅದು ಮರೆಯುವುದೂ ಇಲ್ಲ.

ಹೀಗೆ ಮುರಿಯುವ ಮುಂಚೆ ಒಂದು ಬಿರುಕು ಮೂಡುತ್ತದೆ, ಅದು ಶುರುವಾಗಲು ಒಂದು ಕಚ್ಚು ಬೇಕು. ಬಟ್ಟೆ ಅಂಗಡಿಯವನು ಥಾನಿನ ಅಂಚಿಗೆ ಕತ್ತರಿಯಿಂದ ಚಿಕ್ಕ ಕಚ್ಚು ಹಾಕಿ, ಆಮೇಲೆ ಎರಡು ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಾನಲ್ಲ, ಹಾಗೆ. ಕಚ್ಚಿಲ್ಲದ ಬಟ್ಟೆಯನ್ನು ಪೈಲ್ವಾನನೂ ಹರಿಯಲಾರ. ಬೆಸೆದ ಶಾಫ್ಟಿನಲ್ಲಿ ಬೆಸುಗೆ ಮತ್ತು ಮೂಲ ಉಕ್ಕು ಕೂಡುವ ಅಂಚು ಇದೆಯಲ್ಲ, ಅದೇ ಎಲ್ಲಕ್ಕಿಂತ ನಾಜೂಕು ಜಾಗ. ಅಲ್ಲಿ ಒಂದು ಉಬ್ಬು, ಒಂದು ತಗ್ಗು, ಒಂದು ಗೀರು ಉಳಿದರೂ ಸಾಕು. ಅದಕ್ಕೇ ಆ ಅಂಚನ್ನು ಉಜ್ಜಿ ನಯ ಮಾಡಬೇಕು. ಉಜ್ಜುವುದೂ ಶಾಫ್ಟಿನ ಉದ್ದಕ್ಕೇ ಆಗಬೇಕು, ಅಡ್ಡಕ್ಕೆ ಉಜ್ಜಿದರೆ ಉಜ್ಜಿದ ಗೀರೇ ಕಚ್ಚಾಗುತ್ತದೆ.

ಇದನ್ನು ನಮ್ಮಲ್ಲಿ ಚೆನ್ನಾಗಿ ಮಾಡುತ್ತಿದ್ದವರು ಒಬ್ಬರೇ. ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ, ಐವತ್ತು ದಾಟಿದ ವೆಲ್ಡರು. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅವರು ಉಸ್ತಾದ್. ಬೆಸುಗೆ ಹಾಕುವ ಮುಂಚೆ ಶಾಫ್ಟನ್ನು ನಿಧಾನವಾಗಿ ಬಿಸಿ ಮಾಡುವುದು, ಮುಗಿದ ಮೇಲೆ ಕಂಬಳಿ ಸುತ್ತಿ ನಿಧಾನವಾಗಿ ಆರಿಸುವುದು, ಯಾವುದರಲ್ಲೂ ಅವಸರವಿಲ್ಲ. ಅವಸರಪಡಿಸಿದವರ ಮೇಲೆ ಮಾತ್ರ ಸಿಡುಕು. ನನಗೂ ಅವರಿಗೂ ವಾರಕ್ಕೊಂದು ಜಗಳ ಆಗುತ್ತಿತ್ತು. ನಾನು ಒಪ್ಪದ ಬೆಸುಗೆಯನ್ನು ಅವರು ಗೊಣಗುತ್ತಲೇ ಕೆತ್ತಿ ತೆಗೆದು ಮತ್ತೆ ಹಾಕುತ್ತಿದ್ದರು. ಅವರ ಗೊಣಗಾಟ ಇಲ್ಲದ ದಿನ ನನಗೂ ಬೇಜಾರಾಗುತ್ತಿತ್ತು.

ಒಂದು ಜುಲೈನಲ್ಲಿ ನಾವು ಬೆಸೆದು ಕೊಟ್ಟಿದ್ದ ಪಂಪ್ ಶಾಫ್ಟೊಂದು ಎರಡು ತುಂಡಾಗಿ ಹಿಂದೆ ಬಂತು. ಮಹಬೂಲಾದ ದೊಡ್ಡ ಕಟ್ಟಡವೊಂದರ ಎಸಿಗೆ ತಣ್ಣೀರು ಹರಿಸುವ ಪಂಪು ಅದು. ನಾಲ್ಕು ತಿಂಗಳೂ ಸರಿಯಾಗಿ ಓಡಿರಲಿಲ್ಲ. ನಾನು ಪಂಪು ಕೂರಿಸಿದ್ದ ಜಾಗ ನೋಡಲು ಹೋದೆ. ಒಂದೊಂದು ಕೋಣೆಯಲ್ಲಿ ಏಳೆಂಟು ಜನ ಇರುವ ಕಟ್ಟಡ. ರಾತ್ರಿ ಪಾಳಿ ಮುಗಿಸಿ ಬಂದವರು ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ಮೆಟ್ಟಿಲುಗಳ ಮೇಲೆ ಕೂತಿದ್ದರು. ಗೋಡೆ ಮುಟ್ಟಿದರೆ ಕಾದ ಕಾವಲಿ. ಒಬ್ಬರು ನನ್ನ ಹೆಲ್ಮೆಟ್ ನೋಡಿ, "ಮೇಡಂ, ಆಜ್ ಹೋಗಾ?" ಎಂದರು. ಇವತ್ತು ಆಗುತ್ತದೆಯೇ ಎಂದು. ಇನ್ನೊಂದು ಹಳೆಯ ಶಾಫ್ಟು ಹುಡುಕಿಸಿ ಹಾಕಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ವಾಪಸು ಬಂದರೆ ಮ್ಯಾನೇಜರು ತೀರ್ಪು ಬರೆದು ಮುಗಿಸಿದ್ದರು.

"ನೋಡಿಮ್ಮ, ವೆಲ್ಡಿಂಗ್ ಹೋಗಿದೆ. ವೆಲ್ಡರ್‌ದು ತಪ್ಪು. ಹಾಗಂತ ಒಂದು ರಿಪೋರ್ಟ್ ಮಾಡಿ. ಅವರ ಇಕಾಮಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸೋಣ. ಕಸ್ಟಮರ್‌ಗೂ ಸಮಾಧಾನ ಆಗತ್ತೆ. ಖಲಾಸ್."

"ಶಾಫ್ಟ್ ಇನ್ನೂ ಒರ್ಸೇ ಇಲ್ಲ ಸಾರ್. ಯಾರ್ ತಪ್ಪು ಅಂತ ಆಗ್ಲೇ ಗೊತ್ತಾಗೋಯ್ತಾ?"

"ವೆಲ್ಡಿಂಗ್ ಪಕ್ಕದಲ್ಲೇ ಮುರಿದಿದೆ, ಇನ್ನೇನು ನೋಡೋದಿದೆ?"

ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೋದರೆ ಊರಿನ ದಾರಿಯೊಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಇಲ್ಲಿ ಜ್ವರ ಯಾರಿಗೆ ಬಂದಿದೆ ಎಂದು ನೋಡುವ ಮೊದಲೇ ಬರೆ ಕಾಯಿಸಿಟ್ಟಿದ್ದರು. ಕೆಳಗೆ ಹೋದೆ. ಸುದ್ದಿ ನನಗಿಂತ ಮೊದಲೇ ಉಸ್ತಾದರನ್ನು ತಲುಪಿತ್ತು. ವೆಲ್ಡಿಂಗ್ ಮುಖವಾಡವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಊರಿಗೆ ಹೋಗುದಕ್ಕೆ ನಂಗೇನೂ ಬೇಜಾರಿಲ್ಲ ಮೇಡಂ. ಒಂದಲ್ಲ ಒಂದು ದಿನ ಹೋಗುದೇ. ಆದ್ರೆ ಇವನಿಗೆ ವೆಲ್ಡಿಂಗ್ ಬರುದಿಲ್ಲ ಅಂತ ಹೇಳಿ ಕಳಿಸುದು ಬೇಡ. ನನ್ನ ವೆಲ್ಡಿಂಗ್ ಮುರಿಯುದಿಲ್ಲ. ನೀವೇ ನೋಡಿ."

ನೋಡಿದೆ. ಮುರಿದ ಮುಖವನ್ನು ಸೀಮೆಎಣ್ಣೆ ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಹೀಗೆ ಸುತ್ತಿ ಸುತ್ತಿ ಮುರಿದ ಉಕ್ಕಿನಲ್ಲಿ ಬಿರುಕು ಎಲ್ಲೆಲ್ಲಿ ನಿಂತು ಮುಂದೆ ಹೋಯಿತೋ ಅಲ್ಲೆಲ್ಲ ಒಂದೊಂದು ಬಿಲ್ಲಿನಂಥ ಗೆರೆ ಉಳಿದಿರುತ್ತದೆ. ಆ ಬಿಲ್ಲುಗಳೆಲ್ಲ ಎಲ್ಲಿಂದ ಹರಡಿವೆ ಎಂದು ಹಿಂದಕ್ಕೆ ಹೋದರೆ ಶುರುವಾದ ಜಾಗ ಸಿಗುತ್ತದೆ. ಅದು ಬೆಸುಗೆಯ ಒಳಗಿರಲಿಲ್ಲ. ಬೆಸುಗೆಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ, ಮುತ್ತಿನಂಥ ಕೆಲಸ. ಅಂಚಿಗೆ ಹೊಂದಿಕೊಂಡು, ಪೇಂಟಿನ ಅಡಿಯಲ್ಲಿ ಒಂದು ಗುರುತು ಇತ್ತು. ಪೇಂಟು ಕೆರೆದೆ. ಉಳಿಯಿಂದ ಕೆತ್ತಿದ, ಅಕ್ಕಿಕಾಳಿನಷ್ಟು ಉದ್ದದ ಒಂದು ಶಿಲುಬೆ. ಬಿರುಕು ಅದರ ಅಡ್ಡ ಗೆರೆಯಲ್ಲೇ ಹಾದುಹೋಗಿತ್ತು.

"ಇದೇನು ಉಸ್ತಾದ್?"

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಅದು ಖುರಿಸ್."

"ಯಾರ್ ಹಾಕಿದ್ದು?"

"ನಾನೇ. ಎಲ್ಲದಕ್ಕೂ ಹಾಕ್ತೇನೆ." ಅವರ ಧ್ವನಿಯಲ್ಲಿ ಅಳುಕೇ ಇರಲಿಲ್ಲ. "ನೀವು ಚೆಕ್ ಮಾಡಿ ಹೋದ ಮೇಲೆ, ಪೇಂಟಿನ ಮೊದಲು. ಬೆಸುಗೆ ಹತ್ರ ಚಿಕ್ಕದೊಂದು. ನಮ್ಮ ಅಮ್ಮ ಸಾನ್ನಾಂ ಮಾಡ್ಲಿಕ್ಕೆ ಹಿಟ್ಟು ಹುಳಿ ಬರ್ಲಿಕ್ಕೆ ಇಡುವಾಗ ಬೆರಳಲ್ಲಿ ಖುರಿಸ್ ಎಳೆದು ಮುಚ್ಚಿಡುದು. ಹಿಟ್ಟು ಹಾಳಾಗ್ಬಾರ್ದು ಅಂತ. ನಾನು ಮೊದಲ ಕೆಲಸದಿಂದ ಹಾಗೇ. ನನ್ನ ಕೈಯಿಂದ ಹೋದದ್ದು ಹಾಳಾಗ್ಬಾರ್ದು ಅಲ್ವಾ ಮಾರಾಯ್ರೆ."

"ಹಿಟ್ಟು ತಿರುಗಲ್ಲ ಉಸ್ತಾದ್!" ಎಂದು ಕೂಗಿದೆ. ಲೇತಿನವರೆಲ್ಲ ತಿರುಗಿ ನೋಡಿದರು. "ಶಾಫ್ಟ್ ತಿರುಗ್ತದೆ! ನೀವ್ ಮುತ್ತಿನಂಗೆ ಬೆಸ್ದು, ಉಜ್ಜಿ ನಯ ಮಾಡಿ, ಆಮೇಲೆ ನೀವೇ ಅದರ ಕುತ್ತಿಗೆಗೆ ಕಚ್ಚು ಹಾಕಿದೀರಲ್ಲ!"

ಅವರಿಗೆ ಅರ್ಥವಾದದ್ದು ನನಗೆ ಕಾಣಿಸಿತು. ಮುಖ ಸಣ್ಣದಾಯಿತು. ಅಡ್ಡ ಗೆರೆಯ ಮೇಲೆ ಉಗುರು ಆಡಿಸಿದರು. ನನಗೆ ಅವರ ಮೇಲೆ ಕೋಪ ಇನ್ನೂ ಇಳಿದಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದವರು ಕಣ್ಣ ಮುಂದೆ ಇದ್ದರು. ಆದರೆ ಉಸ್ತಾದರಿಗೆ ಬೈಯಲು ನನಗೆ ಯಾವ ಬಾಯಿ? ರಿಗ್ಗೈನ ನಮ್ಮ ಫ್ಲ್ಯಾಟಿನಲ್ಲಿ ಆಯುಧಪೂಜೆಗೆ ಮಿಕ್ಸಿಗೂ ಅರಿಶಿನ ಕುಂಕುಮ ಹಚ್ಚುತ್ತೇವೆ, ಕಾರಿನ ಚಕ್ರದ ಅಡಿಗೆ ನಿಂಬೆಹಣ್ಣು ಇಡುತ್ತೇವೆ. ನಮ್ಮ ಪುಣ್ಯಕ್ಕೆ ನಿಂಬೆಹಣ್ಣು ಆ್ಯಕ್ಸಲನ್ನು ಕೊರೆಯುವುದಿಲ್ಲ, ಅಷ್ಟೆ.

ಆಗ ಶಾಫ್ಟನ್ನು ಮಗ್ಗುಲಿಗೆ ಹೊರಳಿಸಿದೆ. ಆ ಕಡೆ ನಮ್ಮ ಕಂಪನಿಯ ಕೆಲಸದ ನಂಬರು ಇತ್ತು. ಪ್ರತಿ ಶಾಫ್ಟಿಗೂ ಹೊರಹೋಗುವ ಮುಂಚೆ ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದು ಹಾಕಿಸುವ ನಂಬರು. ಅದೂ ಬೆಸುಗೆಯ ಅಂಚಿನಲ್ಲೇ. ಏಕೆಂದರೆ ನಯವಾಗಿ ಉಜ್ಜಿದ ಜಾಗದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದಂತೆ. ಶಾಫ್ಟಿನ ತುದಿಯ ಮುಖದ ಮೇಲೆ ಹಾಕಿ, ಅಲ್ಲಿ ಏನೂ ಎಳೆತ ಬೀಳುವುದಿಲ್ಲ ಎಂದು ನಾನು ಹೇಳಿ ಹೇಳಿ ಸಾಕಾಗಿತ್ತು. ಅಲ್ಲಿ ಹಾಕಿದರೆ ಕಸ್ಟಮರಿಗೆ ಕಾಣುವುದಿಲ್ಲ ಎಂದು ಮ್ಯಾನೇಜರು ನಕ್ಕು ತಳ್ಳಿಹಾಕಿದ್ದರು. ನಾನು ನಂಬರಿನ ಮೇಲೆ ಬಿರುಕು ತೋರಿಸುವ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಉದುರಿಸಿದೆ. ಅಂಕಿಗಳನ್ನು ಶಾಫ್ಟಿನ ಉದ್ದಕ್ಕೆ ಸಾಲಾಗಿ ಹೊಡೆದದ್ದರಿಂದ ಇಂಗ್ಲಿಷಿನ ಒಂದು ಎಂಬ ಅಂಕಿ ಶಾಫ್ಟಿಗೆ ಅಡ್ಡವಾಗಿ ನಿಂತಿತ್ತು. ಅದರ ಉದ್ದಕ್ಕೂ ಕೆಂಪು ಗೆರೆ ಒಸರಿತು. ಅಂಕಿಗಿಂತ ಆಚೆಗೂ, ಎರಡೂ ತುದಿಯಲ್ಲಿ ಚಾಚಿತು. ಶಾಫ್ಟು ಅಲ್ಲೂ ಸೀಳತೊಡಗಿತ್ತು. ಖುರಿಸ್ ಮೊದಲು ಮುಟ್ಟಿತ್ತು ಅಷ್ಟೆ, ನಂಬರು ಅದರ ಬೆನ್ನ ಹಿಂದೆಯೇ ಇತ್ತು. ಭಾರ ಕಡಿಮೆ ಇದ್ದ ಕಡೆ ಇಂಥ ಕಚ್ಚುಗಳನ್ನು ಶಾಫ್ಟುಗಳು ಇಷ್ಟು ವರ್ಷ ಹೇಗೋ ತಾಳಿಕೊಂಡಿದ್ದವು, ಹಗಲೂ ರಾತ್ರಿ ತಿರುಗುವ ಈ ಪಂಪಿನಲ್ಲಿ ತಾಳಲಿಲ್ಲ.

ಎರಡೂ ತುಂಡುಗಳನ್ನು ತಳ್ಳುಗಾಡಿಯಲ್ಲಿ ಹಾಕಿಸಿ ಆಫೀಸಿನ ಬಾಗಿಲವರೆಗೆ ತಂದೆ. ಮ್ಯಾನೇಜರು ಖುರಿಸ್ ನೋಡಿ ಧ್ವನಿ ತಗ್ಗಿಸಿದರು.

"ಶಿಲುಬೆನಾ? ಅಯ್ಯೋ, ಇದು ನಮ್ಮೂರಲ್ಲಮ್ಮ. ಇಂಥದ್ದೆಲ್ಲ ದೊಡ್ಡದು ಮಾಡ್ಬೇಡಿ. ಓನರ್‌ಗೆ, ಆ ಕುವೈತಿ ಕಫೀಲ್‌ಗೆ, ಏನು ಹೇಳ್ಲಿ? ಸುಮ್ನೆ ಕಳಿಸ್ಬಿಡೋಣ ಅವರನ್ನ."

"ಉಕ್ಕಿಗೆ ಧರ್ಮ ಗೊತ್ತಿಲ್ಲ ಸಾರ್. ಅದಕ್ಕೆ ಗೊತ್ತಿರೋದು ಅಡ್ಡ ಗೆರೆ ಒಂದೇ. ಖುರಿಸ್‌ನ ಉದ್ದ ಗೆರೆ ಏನೂ ಮಾಡಿಲ್ಲ ನೋಡಿ. ಅಡ್ಡ ಗೆರೆ ಮುರ್ದಿದೆ. ನಿಮ್ ನಂಬರಲ್ಲಿ ಒಂದು ಅನ್ನೋ ಅಂಕೀನೂ ಅಡ್ಡ ಗೆರೆನೇ. ಖುರಿಸ್ ಹಾಕ್ದೋರ್ನ ಕಳಿಸೋದಾದ್ರೆ ನಂಬರ್ ಹಾಕ್ಸಿದೋರ್ನೂ ಅದೇ ಫ್ಲೈಟಲ್ಲಿ ಕಳ್ಸಿ."

ನಂಬರು ಹಾಕಿಸಿದವರು ಅವರೇ. ಮುಖ ಕೆಂಪಾಯಿತು. "ಕಂಪನಿ ನಂಬರೂ ಅದೂ ಒಂದೇನಾ? ಇದು ಬರೀ ಗೀರು ಕಣಮ್ಮ. ಪ್ರೂಫ್ ಇದ್ಯಾ?" ಎಂದರು.

ಪ್ರೂಫ್ ಬೇಕೇ? ಕೊಡುತ್ತೇನೆ ಎಂದೆ.

ಮೂಲೆಯಲ್ಲಿ ಯಾರೂ ಬಳಸದ ಹಳೆಯ ಲೇತು ಒಂದಿತ್ತು. ಒಂದೇ ಸರಳಿನಿಂದ ತುಂಡುಗಳನ್ನು ಕತ್ತರಿಸಿ, ಉಸ್ತಾದರ ಕೈಯಲ್ಲೇ ಬೆಸೆಯಿಸಿ, ಒಂದೇ ಹದಕ್ಕೆ ಉಜ್ಜಿಸಿ ಮೂರು ಪುಟ್ಟ ಶಾಫ್ಟು ಮಾಡಿಸಿದೆ. ಒಂದಕ್ಕೆ ಅವರ ಖುರಿಸ್, ಒಂದಕ್ಕೆ ಕಂಪನಿಯ ನಂಬರು. ಮೂರನೆಯದು ಬರಿಮೈ. ಒಂದು ತುದಿಯನ್ನು ಲೇತಿಗೆ ಬಿಗಿದು, ಇನ್ನೊಂದು ತುದಿಗೆ ಬೇರಿಂಗ್ ಹಾಕಿ ಅದರಿಂದ ತೂಕ ನೇತುಬಿಟ್ಟು ತಿರುಗಿಸುವುದು. ಯಾವುದು ಎಷ್ಟು ಹೊತ್ತು ತಾಳುತ್ತದೆ ಎಂದು ನೋಡುವುದು. ಒಂದೊಂದೇ ತುಂಡಿನಿಂದ ಏನೂ ಸಾಬೀತಾಗುವುದಿಲ್ಲ, ಹತ್ತಾರು ಬೇಕು ಎಂದು ನನಗೆ ಗೊತ್ತಿತ್ತು. ಆದರೆ ಮ್ಯಾನೇಜರ ಹತ್ತಿರ ಒಂದು ತುಂಡೂ ಇರಲಿಲ್ಲ.

ಬೆಳಿಗ್ಗೆ ನಂಬರಿನ ತುಂಡು ಏರಿತು. ವರ್ಕ್‌ಶಾಪಿಗೆ ವರ್ಕ್‌ಶಾಪೇ ಕೆಲಸ ಮಾಡುವಂತೆ ನಟಿಸುತ್ತ ಆ ಕಡೆಗೆ ಕಿವಿ ಇಟ್ಟಿತ್ತು. ಯಾವುದು ಬೇಗ ಹೋಗುತ್ತದೆ ಎಂದು ಸಮೋಸಾದ ಪಂದ್ಯವೂ ಆಯಿತು ಎಂದು ಆಮೇಲೆ ತಿಳಿಯಿತು. ಚಹಾದ ಹೊತ್ತಿಗಿಂತ ಮುಂಚೆಯೇ ಟಣ್ ಎಂದಿತು. ತೂಕ ನೆಲಕ್ಕೆ ಬಿದ್ದ ಸದ್ದಿಗೆ ಮ್ಯಾನೇಜರು ಆಫೀಸಿನಿಂದ ಹೊರಗೆ ಬಂದರು. ಬಿರುಕು ಅಂಕಿಯ ಬುಡದಿಂದಲೇ ಹೊರಟಿತ್ತು. ಅದರ ನಂತರ ಏರಿಸಿದ ಖುರಿಸ್ ತುಂಡು ಊಟದ ಹೊತ್ತಿನವರೆಗೆ ತಾಳಿತು. ಅದು ಮುರಿದಾಗ ಉಸ್ತಾದ್ ಎದ್ದು ನೀರು ಕುಡಿಯಲು ಹೋದರು, ಬಹಳ ಹೊತ್ತು ಬರಲಿಲ್ಲ.

ಊಟದ ನಂತರ ಏರಿದ ಬರಿಮೈಯದು ಸಂಜೆಯವರೆಗೂ ತಿರುಗಿತು. ಮರುದಿನವೂ ತಿರುಗಿತು. ಮೂರನೆಯ ದಿನ ಲೇತಿನ ಬೆಲ್ಟೇ ಹರಿದುಹೋಯಿತು, ಶಾಫ್ಟು ಹೋಗಲಿಲ್ಲ. ಬಿಚ್ಚಿ ಬಣ್ಣ ಹಚ್ಚಿ ನೋಡಿದೆ, ಒಂದು ಕೆಂಪು ಎಳೆಯೂ ಮೂಡಲಿಲ್ಲ. ನಾನು ಆ ತುಂಡನ್ನು ಮ್ಯಾನೇಜರ ಮೇಜಿನ ಮೇಲೆ ಇಟ್ಟು ಬಂದೆ.

ಸೋಲನ್ನು ಒಪ್ಪಿಕೊಳ್ಳುವವರಾಗಿದ್ದರೆ ಅವರು ಮ್ಯಾನೇಜರ್ ಆಗುತ್ತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿಯೊಂದನ್ನು ಹುಡುಕಿ ತಂದರು. ಉಕ್ಕೇ ಕಳಪೆಯಾಗಿತ್ತು, ಮಾರಿದವರ ತಪ್ಪು ಎಂದು ನಾನು ಬರೆಯಬೇಕು. ಉಸ್ತಾದ್ ಕುವೈತಿನಲ್ಲೇ ಇರಬಹುದು, ಆದರೆ ಇನ್ನು ಶಾಫ್ಟ್ ಮುಟ್ಟುವಂತಿಲ್ಲ. ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಬೆಸೆದುಕೊಂಡಿರಲಿ.

ಉಸ್ತಾದ್ ಒಪ್ಪಿಯೇಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಗ್ರಿಲ್ ಬೆಸೀತೀರಾ? ನೀವು?"

"ಸಾಕು ಬಿಡಿ ಮೇಡಂ. ನಂಗಾಗಿ ನೀವು ಜಗಳ ಮಾಡುದು ಬೇಡ. ಖುರಿಸ್ ಹಾಕಿದ್ದು ನಾನೇ ಅಲ್ವಾ? ಮಹಬೂಲಾದಲ್ಲಿ ಅಷ್ಟು ಜನ ನಿದ್ದೆ ಇಲ್ಲದೆ ಕೂತದ್ದು ನನ್ನಿಂದ. ದೇವರೇ ಹೇಳಿದ ಹಾಗೆ ಆಯ್ತು, ಸಾಕು ನಿನ್ನದು ಅಂತ."

"ದೇವ್ರು ಹಂಗೆ ಹೇಳಿಲ್ಲ. ಮ್ಯಾನೇಜರ್ ಹೇಳಿದ್ದು. ಇಬ್ರೂ ಒಬ್ರೇ ಅಂದ್ಕೊಂಡಿದೀರಾ?"

ಅವರು ಮುಖವಾಡ ಎತ್ತಿಕೊಂಡು ಎದ್ದು ಹೋದರು. ಆ ದಿನ ಅವರು ಒಂದು ಬಾಲ್ಕನಿಯ ಗ್ರಿಲ್ಲು ಬೆಸೆಯುವುದನ್ನು ದೂರದಿಂದ ನೋಡಿದೆ. ಯಾರೂ ಕೇಳದ ಆ ಗ್ರಿಲ್ಲಿನ ಬೆಸುಗೆಯನ್ನೂ ಉದ್ದಕ್ಕೆ ಉಜ್ಜಿ ನಯ ಮಾಡುತ್ತಿದ್ದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಅವತ್ತೇ ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಬೆಸುಗೆ ಸರಿಯಿದೆ, ಉಕ್ಕು ಸರಿಯಿದೆ, ನಾವು ಹಾಕಿದ ಗುರುತುಗಳು ಶಾಫ್ಟನ್ನು ಮುರಿದಿವೆ, ಇಂಥ ಗುರುತಿರುವ ಎಲ್ಲ ಶಾಫ್ಟುಗಳನ್ನೂ ಹಿಂದೆ ತರಿಸಿ ಉಜ್ಜಬೇಕು ಎಂದು. ಅದನ್ನು ಮಹಬೂಲಾದ ಆ ಕಟ್ಟಡದ ಎಂಜಿನಿಯರಿಗೂ ಕಳಿಸಿದೆ. ಹಾಗೆ ಮಾಡದ ಹೊರತು ಒಂದು ಶಾಫ್ಟಿಗೂ ಸಹಿ ಹಾಕುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿ ಬೂಟು ಬಿಚ್ಚಿಟ್ಟು ಮನೆಗೆ ಬಂದೆ. ಗಂಡ ಇಡೀ ಕತೆ ಕೇಳಿ, "ಕೆಲಸ ಹೋದ್ರೆ?" ಎಂದರು. "ಹೋದ್ರೆ ಮನೇಲಿ ಕೂತು ನಿಮ್ ಜತೆ ಜಗಳ ಆಡ್ತೀನಿ" ಎಂದೆ. ಅವರು ಬೇಗನೆ ನನ್ನ ಪಕ್ಷ ಸೇರಿದರು.

ಎಚ್ಚರಿಕೆ ಪತ್ರ ಬಂತು. ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಗಳು, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು. "ಓದ್ಕೊ, ನಿಂಗೂ ಒಂದಿನ ಬರ್ಬೇಕು ಇಂಥದ್ದು" ಎಂದೆ.

ಕೆಲಸ ಹೋಗಲಿಲ್ಲ. ಬೇಸಿಗೆ ನನ್ನ ಪರವಾಗಿತ್ತು. ಊರೆಲ್ಲ ಪಂಪು ಕೆಡುವ ಕಾಲ, ಸಹಿ ಇಲ್ಲದೆ ಶಾಫ್ಟುಗಳು ವರ್ಕ್‌ಶಾಪಿನಲ್ಲಿ ಸಾಲಾಗಿ ಮಲಗಿದ್ದವು. ಮಹಬೂಲಾದ ಎಂಜಿನಿಯರು ನಮ್ಮನ್ನು ಬಿಟ್ಟುಹೋಗಲಿಲ್ಲ. ತನ್ನ ಬಳಿ ಇದ್ದ ನಮ್ಮ ಉಳಿದ ಶಾಫ್ಟುಗಳನ್ನೂ ಒಂದೊಂದಾಗಿ ಕಳಿಸಿದ. ಬೇರೆಯವರೂ ಕಳಿಸಿದರು. ಮ್ಯಾನೇಜರು ಕಡೆಗೆ ಒಂದು ಸಂಜೆ ನನ್ನ ಮುಖ ನೋಡದೆ, "ಯಾರು ಉಜ್ತಾರೆ ಇಷ್ಟೊಂದನ್ನ?" ಎಂದು ಗೋಡೆಗೆ ಕೇಳಿದರು.

"ಉಸ್ತಾದ್" ಎಂದೆ. "ಇನ್ಮೇಲೆ ಬೆಸಿಯೋದೂ ಅವರೇ. ಬೇರೆಯೋರ್ ಬೆಸ್ದಿದ್ದಕ್ಕೆ ನಾನ್ ಸಹಿ ಹಾಕಲ್ಲ."

ಗೋಡೆ ಏನೂ ಹೇಳಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಕೆಳಗೆ ಬಂದೆ.

ಉಸ್ತಾದ್ ನಂಬರುಗಳನ್ನು ಮೊದಲು ಉಜ್ಜಿದರು. ಖುರಿಸ್‌ಗಳ ಸರದಿ ಬಂದಾಗ ಯಂತ್ರ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ನಾನು ಅವಸರಪಡಿಸಲಿಲ್ಲ. ಆಮೇಲೆ ಮುಖವಾಡ ಇಳಿಸಿ, ಉದ್ದಕ್ಕೆ, ನಿಧಾನವಾಗಿ ಒಂದೊಂದನ್ನೇ ತೆಗೆದರು. ಮುಖವಾಡದ ಒಳಗೆ ಅವರು ಏನು ಹೇಳಿಕೊಂಡರೋ ನನಗೆ ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಹೊಸ ಶಾಫ್ಟೊಂದು ಬಂತು. ಆಸ್ಪತ್ರೆಯೊಂದರ ಪಂಪಿನದು. ಅವರು ಬಿಸಿ ಮಾಡಿ, ಬೆಸೆದು, ಕಂಬಳಿ ಸುತ್ತಿ, ಮರುದಿನ ಉಜ್ಜಿಕೊಟ್ಟರು. ನಾನು ಪರೀಕ್ಷೆ ಮಾಡಿದೆ. ಎಲ್ಲಿಯೂ ದೋಷವಿರಲಿಲ್ಲ. ಆದರೂ ನನ್ನ ಪೆನ್ನು ಏಳಲಿಲ್ಲ. ನಾನು ಬೆನ್ನು ತಿರುಗಿಸಿದ ಮೇಲೆ, ಪೇಂಟಿನ ಮೊದಲು ಏನಾಗುತ್ತದೆ? ಇಷ್ಟು ವರ್ಷ ಹಾಗೇ ಆಗಿತ್ತಲ್ಲ. ಅವರು ನನ್ನ ಅನುಮಾನವನ್ನು ಓದಿದರು. ಪೆಟ್ಟಿಗೆ ತೆರೆದು ಉಳಿಯನ್ನು ತೆಗೆದರು. ನನ್ನ ಮುಂದೆಯೇ ಅದನ್ನು ಹಳೇ ಕಬ್ಬಿಣದ ಡ್ರಮ್ಮಿಗೆ ಎಸೆದರು. ಎಸೆದು ಬಂದು ಗಲ್ಲ ಎತ್ತಿ ನಿಂತರು.

"ಇದಕ್ಕೆ ಖುರಿಸ್ ಬೇಡ್ವಾ ಉಸ್ತಾದ್?"

"ಬೇಕು. ಯಾಕೆ ಬೇಡ?" ಎಂದರು, ಹಳೆಯ ಸಿಡುಕಿನಲ್ಲೇ. "ದೇವರ ಹತ್ರ ನಾನು ಮಾತಾಡ್ತೇನೆ, ಅದು ನನ್ನ ಕೆಲಸ. ನೀವು ನಿಮ್ಮ ಸೈನ್ ಹಾಕಿ."

ಹಾಕಿದೆ.